ಕೊಡಪಾನದ ಬಾಯಿ ಒಟ್ಟೆಯಲ್ಲ

ಅತ್ತೆಯ ಮನೆಯಲ್ಲಿ ಒಂದು ಹಳೆಯ ತಾಮ್ರದ ಕೊಡಪಾನ ಇತ್ತು. ಒಂದು ದಿನ ತಳದಿಂದ ನೀರು ಜಿನುಗತೊಡಗಿತು. ಅತ್ತೆ ಅದನ್ನು ಬಿಸಿಲಿಗೆ ಹಿಡಿದು, ಬಾಯಿಯಿಂದ ಒಳಗೆ ಇಣುಕಿ, "ಒಟ್ಟೆ ಆಗಿದೆ" ಎಂದರು. ಎಷ್ಟೋ ವರ್ಷಗಳ ನಂತರ, ಟೋಪಾಲಜಿ ಓದುವಾಗ ನನಗೆ ಆ ಮಾತು ನೆನಪಾಯಿತು. ಆ ಕೊಡಪಾನಕ್ಕೆ ಮೊದಲಿಂದಲೂ ಅಂಗೈ ಅಗಲದ ಬಾಯಿ ಇತ್ತಲ್ಲ? ಅದನ್ನು ಯಾರೂ ಒಟ್ಟೆ ಅನ್ನಲಿಲ್ಲ. ಸಾಸಿವೆ ಕಾಳಿನಷ್ಟು ಸಣ್ಣದೊಂದು ತಳದಲ್ಲಿ ಬಿದ್ದ ಮೇಲೆಯೇ ಒಟ್ಟೆ ಎಂಬ ಪದ ಬಂತು.

ಅತ್ತೆ ಅಂದು ಆಡಿದ್ದು ಅಚ್ಚುಕಟ್ಟಾದ ಗಣಿತದ ಮಾತು. ಗಣಿತದವರು ಅದಕ್ಕೆ ಇಟ್ಟಿರುವ ಹೆಸರು ಜೀನಸ್. ಒಂದು ವಸ್ತುವಿಗೆ ನಿಜವಾದ ಒಟ್ಟೆಗಳು ಎಷ್ಟು ಎಂಬ ಲೆಕ್ಕವೇ ಅದರ ಜೀನಸ್. ಯಾವುದು ನಿಜವಾದ ಒಟ್ಟೆ, ಯಾವುದು ಬರೀ ಹೊಂಡ ಎಂದು ತೀರ್ಮಾನಿಸುವುದೇ ಇಲ್ಲಿ ಕಷ್ಟದ ಕೆಲಸ.

ಮೊದಲು ಟೋಪಾಲಜಿಯ ಆಟದ ನಿಯಮ ಹೇಳಿಬಿಡುತ್ತೇನೆ. ಜರ್ಮನಿಯ ಯೋಹಾನ್ ಲಿಸ್ಟಿಂಗ್ ಎಂಬವರು 1847ರಲ್ಲಿ ಈ ಹೆಸರಿನಲ್ಲೇ ಪುಸ್ತಕ ಬರೆದರು. ಇದು ಆಕಾರಗಳ ಗಣಿತ. ಆದರೆ ಉದ್ದ, ಅಗಲ, ಕೋನ ಇವಕ್ಕೆ ಇಲ್ಲಿ ಕಿಮ್ಮತ್ತಿಲ್ಲ. ವಸ್ತು ಕಲಸಿದ ಹಿಟ್ಟಿನಿಂದ ಆಗಿದೆ ಅಂದುಕೊಳ್ಳಿ. ಎಳೆಯಬಹುದು, ಒತ್ತಬಹುದು, ತಿರುಚಬಹುದು, ಲಟ್ಟಿಸಬಹುದು. ಎರಡು ಕೆಲಸ ಮಾತ್ರ ಮಾಡಬಾರದು. ಹರಿಯಬಾರದು, ಬೇರೆ ಬೇರೆ ಇದ್ದದ್ದನ್ನು ಅಂಟಿಸಬಾರದು. ಈ ನಿಯಮದಲ್ಲಿ ಒಂದರಿಂದ ಇನ್ನೊಂದನ್ನು ಮಾಡಬಹುದಾದರೆ ಅವೆರಡೂ ಒಂದೇ.

ಹಿಟ್ಟಿನ ಉಂಡೆಯನ್ನು ಹೆಬ್ಬೆರಳಿನಿಂದ ಒತ್ತಿದರೆ ಬಟ್ಟಲಾಗುತ್ತದೆ. ಇನ್ನೂ ಒತ್ತಿ, ಅಂಚು ಎಳೆದರೆ ಲೋಟ. ಹೊಟ್ಟೆ ಉಬ್ಬಿಸಿ ಕುತ್ತಿಗೆ ಸಣ್ಣ ಮಾಡಿದರೆ ಕೊಡಪಾನ. ಎಲ್ಲೂ ಹರಿಯಲಿಲ್ಲ, ಎಲ್ಲೂ ಅಂಟಿಸಲಿಲ್ಲ. ಹಾಗಾಗಿ ಉಂಡೆ, ಬಟ್ಟಲು, ಲೋಟ, ಕೊಡಪಾನ ನಾಲ್ಕೂ ಒಂದೇ. ಜೀನಸ್ ಸೊನ್ನೆ. ಆದರೆ ಉದ್ದಿನ ವಡೆ ಮಾಡಬೇಕಾದರೆ ಬೆರಳನ್ನು ಈಚೆಯಿಂದ ಆಚೆಗೆ ತೂರಿಸಲೇಬೇಕು. ಅದು ಹರಿದ ಹಾಗೆ ಆಯಿತು. ವಡೆಯ ಜೀನಸ್ ಒಂದು. ಹಿಡಿ ಇರುವ ಕಾಫಿ ಕಪ್ಪಿನದ್ದೂ ಒಂದು, ಕಪ್ಪಿನ ಬಾಯಿಯಿಂದಾಗಿ ಅಲ್ಲ, ಹಿಡಿಯಿಂದಾಗಿ. ಟೋಪಾಲಜಿ ಓದಿದವನಿಗೆ ವಡೆಗೂ ಕಪ್ಪಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ ಎಂಬ ತಮಾಷೆ ಹುಟ್ಟಿದ್ದು ಹೀಗೆ.

ಒಟ್ಟೆಯಾದ ಕೊಡಪಾನಕ್ಕೆ ಈಗ ಎರಡು ದಾರಿ: ಮೇಲೊಂದು, ಕೆಳಗೊಂದು. ಒಂದರಿಂದ ಹೊಕ್ಕ ಇರುವೆ ಇನ್ನೊಂದರಿಂದ ಹೊರಬರಬಹುದು. ಗಿಂಡಿಯದ್ದೂ ಇದೇ ಕಥೆ. ಅದಕ್ಕೆ ಬಾಯಿ ಒಂದು, ಸೊಂಡಿಲು ಒಂದು. ಹಾಗಾಗಿ ಗಿಂಡಿ, ತಳ ಒಟ್ಟೆಯಾದ ಕೊಡಪಾನ, ಉದ್ದಿನ ವಡೆ ಮೂರೂ ಟೋಪಾಲಜಿಯಲ್ಲಿ ಒಂದೇ ಮನೆಯವು. ಇಲ್ಲಿ ಒಂದು ಸುಲಭದ ಲೆಕ್ಕ ಸಿಗುತ್ತದೆ. ಒಳಗಿನ ಟೊಳ್ಳಿಗೆ ಎಷ್ಟು ಬಾಯಿ ಇವೆ ಎಂದು ಎಣಿಸಿ, ಒಂದನ್ನು ಕಳೆಯಿರಿ. ಪ್ಯಾಂಟಿಗೆ ಸೊಂಟ ಒಂದು, ಕಾಲು ಎರಡು, ಒಟ್ಟು ಮೂರು. ಜೀನಸ್ ಎರಡು. ಬನಿಯನಿಗೆ ನಾಲ್ಕು ಬಾಯಿ, ಜೀನಸ್ ಮೂರು. ಹೊಲಿದ ಲುಂಗಿಗೆ ಒಂದು, ಹೊಲಿಯದ ಬಿಳಿ ಮುಂಡಿಗೆ ಸೊನ್ನೆ. ಚಕ್ಕುಲಿ ಮೋಸದ್ದು. ನೋಡಲು ತುಂಬಾ ತೂತು ಇದ್ದ ಹಾಗೆ ಕಾಣುತ್ತದೆ. ಆದರೆ ಸುತ್ತುಗಳು ಒಂದಕ್ಕೊಂದು ಅಂಟದೇ ಇದ್ದರೆ ಅದು ಸುರುಳಿ ಸುತ್ತಿದ ಹಗ್ಗ ಅಷ್ಟೆ, ಜೀನಸ್ ಸೊನ್ನೆ. ನೀರುದೋಸೆಯ ಜೀನಸ್ ಎಣಿಸಲು ಕೂತರೆ ದೋಸೆ ತಣ್ಣಗಾಗುತ್ತದೆ.

ಈಗ ಸುರಂಗದ ವಿಷಯ. ಕಾಸರಗೋಡಿನ ಹೊರಗಿನವರಿಗೆ ಸುರಂಗ ಅಂದರೆ ರೈಲು ಹೋಗುವ ದಾರಿ. ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆಯವರಿಗೆ ಅದು ನೀರು. ಮುರಕಲ್ಲಿನ ಗುಡ್ಡದ ಬದಿಯಿಂದ ಒಳಕ್ಕೆ ಅಡ್ಡಡ್ಡ ಕೊರೆದ, ಒಬ್ಬ ಮನುಷ್ಯ ಹೊಕ್ಕು ಅಗೆಯಬಹುದಾದಷ್ಟೇ ಇಕ್ಕಟ್ಟಿನ ಓಣಿ. ತುದಿಯಲ್ಲಿ ಜಿನುಗಿದ ನೀರು ತಾನಾಗಿಯೇ ಹೊರಗೆ ಹರಿದು ಬರುತ್ತದೆ. ಪಂಪು ಬೇಡ, ಕರೆಂಟು ಬೇಡ. ಮೊದಲು ಅಡಕೆ ಮರದ ದಂಬೆಯಲ್ಲಿ ನೀರು ಬರುತ್ತಿತ್ತು, ಈಗ ಪೈಪಿನಲ್ಲಿ. ಒಳಗೆ ಉಸಿರಾಡುವ ಗಾಳಿ ಸಾಕಷ್ಟಿದೆಯೋ ಇಲ್ಲವೋ ಎಂದು ನೋಡಲು ಅಗೆಯುವವರು ಮೋಂಬತ್ತಿ ಹಚ್ಚಿ ಇಡುತ್ತಾರೆ. ಅದು ನಂದತೊಡಗಿದರೆ ಹೊರಗೆ ಬರಬೇಕು.

ನಮ್ಮ ಮಾವನ ತೋಟದ ಮೇಲಿರುವ ಸುರಂಗ 80 ಕೋಲು ಉದ್ದ. ಅಗೆಯುವ ಕಾಲದಲ್ಲಿ ಮಣ್ಣು ಹೊತ್ತು ಹಾಕಿದವರಲ್ಲಿ ಮಾವನೂ ಒಬ್ಬರು. ಒಮ್ಮೆ ಜಗಲಿಯಲ್ಲಿ ಕೂತು ಅವರಿಗೆ ಈ ಜೀನಸ್ ಕಥೆ ಹೇಳುತ್ತಿದ್ದೆ. ಹೇಳುವ ಉಮೇದಿನಲ್ಲಿ, "ನಿಮ್ಮ ಸುರಂಗ ಒಟ್ಟೆಯೇ ಅಲ್ಲ ಮಾವ" ಎಂದುಬಿಟ್ಟೆ.

"ಎಂತ ಮಾರಾಯ!" ಮಾವ ಎಲೆ ಮಡಚುವುದನ್ನು ನಿಲ್ಲಿಸಿದರು. "80 ಕೋಲು ಒಳಗೆ ಹೋಗಿದ್ದೇವೆ. ಅದು ಒಟ್ಟೆ ಅಲ್ಲದಿದ್ದರೆ ನಾವು ಅಗೆದದ್ದು ಎಂತದು?"

"ಹೊಂಡ. ಅಡ್ಡ ಮಲಗಿಸಿದ ಹೊಂಡ."

ಮಾವನಿಗೆ ಸಿಟ್ಟು ಬಂದದ್ದರಲ್ಲಿ ತಪ್ಪಿಲ್ಲ. ಆದರೆ ಲೆಕ್ಕ ಹಾಗೆಯೇ ಇದೆ. ಇಡೀ ಗುಡ್ಡವನ್ನು ಒಂದು ಮಣ್ಣಿನ ಉಂಡೆ ಅಂದುಕೊಳ್ಳಿ. ಸುರಂಗ ಎಂದರೆ ಆ ಉಂಡೆಯ ಬದಿಗೆ ಬೆರಳು ಒತ್ತಿದ ಗುರುತು. ಬೆರಳು ತುಂಬಾ ಉದ್ದ, ಅಷ್ಟೆ. ಒಳಗೆ ಹೋದವನು ಹೋದ ದಾರಿಯಲ್ಲೇ ಹಿಂದೆ ಬರಬೇಕು. ಬಾಯಿ ಒಂದು, ಒಂದನ್ನು ಕಳೆದರೆ ಸೊನ್ನೆ. ಬಾವಿಯದ್ದೂ ಸೊನ್ನೆಯೇ. ಬೇಸಿಗೆಯಲ್ಲಿ ನೀರು ಸಾಲದೆ ಬಾವಿಯ ತಳದಲ್ಲಿ ಅಡ್ಡ ಸುರಂಗ ಕೊರೆಸುತ್ತಾರಲ್ಲ, ಆಗಲೂ ಸೊನ್ನೆ. ಹೊಂಡದೊಳಗೆ ಇನ್ನೊಂದು ಹೊಂಡ. ಗುಡ್ಡದ ಬದಿಯಿಂದ ಕೊರೆದ ಸುರಂಗ ಹೋಗಿ ಬಾವಿಯ ಗೋಡೆಯನ್ನು ಸೇರಿದರೆ ಮಾತ್ರ ಎರಡು ಬಾಯಿ ಆಗುತ್ತವೆ. ಆಗ ಗುಡ್ಡದ ಜೀನಸ್ ಒಂದು. ಉದ್ದದ ಸುರಂಗಗಳಲ್ಲಿ ಕೆಲವಕ್ಕೆ ಗಾಳಿಗಾಗಿ ಮೇಲಿನಿಂದ ಕಿಂಡಿ ಕೊರೆಯುತ್ತಾರೆ. ಅಂಥ ಪ್ರತಿ ಕಿಂಡಿಗೂ ಜೀನಸ್ ಒಂದೊಂದು ಏರುತ್ತದೆ.

ಬಾಯಿ ಎಣಿಸಿ ಒಂದು ಕಳೆಯುವ ಉಪಾಯ ಸೋಲುವ ಜಾಗವೂ ಒಂದಿದೆ. ಅಗೆಯುವಾಗ ಗಟ್ಟಿ ಬಂಡೆ ಅಡ್ಡ ಬಂತು ಅನ್ನಿ. ಅದರ ಎಡಕ್ಕೂ ಬಲಕ್ಕೂ ಕೊರೆದು ಆಚೆ ಬದಿಯಲ್ಲಿ ಎರಡೂ ದಾರಿ ಕೂಡಿದವು. ಈಗ ಬಾಯಿ ಒಂದೇ, ಆದರೆ ಆ ಬಂಡೆಯ ಕಂಬಕ್ಕೆ ಸುತ್ತು ಬರಬಹುದು. ಜೀನಸ್ ಒಂದು! ಹೊರಗೆ ನಿಂತು ನೋಡಿದವನಿಗೆ ಇದು ತಿಳಿಯುವುದೇ ಇಲ್ಲ. ಒಳಗೆ ಹೋದವನು ಹಗ್ಗ ಹಿಡಿದು ಹೋಗಿರಬೇಕು. ಕಂಬಕ್ಕೆ ಒಂದು ಸುತ್ತು ಬಂದು ಹಗ್ಗದ ಎರಡೂ ತುದಿ ಹಿಡಿದು ಹೊರಗಿನಿಂದ ಎಳೆದರೆ, ಅದು ಕಂಬಕ್ಕೆ ಸಿಕ್ಕಿಕೊಳ್ಳುತ್ತದೆ.

ಸುರಂಗದ ವಿಷಯದಲ್ಲಿ ಸೋತ ಮಾವ ಇನ್ನೊಂದು ಬಾಣ ಬಿಟ್ಟರು. "ಹಾಗಾದರೆ ಮನುಷ್ಯನಿಗೆ ಒಂಬತ್ತು ಬಾಗಿಲು ಅಂತಾರಲ್ಲ, ನವದ್ವಾರ, ಅದೂ ಸುಳ್ಳಾ?"

ಒಳ್ಳೆಯ ಪ್ರಶ್ನೆ. ನಾನು ಅವತ್ತು ಉತ್ತರ ಕೊಡಲು ತಡವರಿಸಿದೆ, ಆಮೇಲೆ ಕೂತು ಲೆಕ್ಕ ಹಾಕಿದೆ. ಎರಡು ಕಣ್ಣು, ಎರಡು ಕಿವಿ, ಎರಡು ಮೂಗಿನ ಹೊಳ್ಳೆ, ಬಾಯಿ, ಕೆಳಗಿನ ಎರಡು. ಇದು ಹಿರಿಯರ ಲೆಕ್ಕ. ಬಾಯಿಂದ ಗುದದವರೆಗೆ ಅನ್ನನಾಳ, ಕರುಳು ಸೇರಿ ಒಂದೇ ಕೊಳವೆ. ಅದು ನಿಜವಾದ ಒಟ್ಟೆ. ಮೂಗಿನ ಎರಡು ಹೊಳ್ಳೆಗಳೂ ಹಿಂದಿನಿಂದ ಗಂಟಲಿಗೆ ಸೇರುತ್ತವೆ, ಅವೂ ಲೆಕ್ಕಕ್ಕೆ ಬರುತ್ತವೆ. ಆದರೆ ಕಿವಿ? ಒಳಗೆ ತಮಟೆಯ ಪರದೆ ಮುಚ್ಚಿದೆ. ಗಂಟಲಿನ ಕಡೆಯಿಂದಲೂ ಒಂದು ನಳಿಕೆ ಬಂದು ಆ ಪರದೆಯ ಹಿಂದೆಯೇ ನಿಲ್ಲುತ್ತದೆ. ಹಾಗಾಗಿ ಕಿವಿ ಸುರಂಗವಿದ್ದ ಹಾಗೆ, ಬರೀ ಹೊಂಡ. ಪರದೆ ಹರಿದಾಗ ಡಾಕ್ಟರು "ಕಿವಿಯ ತಮಟೆ ತೂತಾಗಿದೆ" ಅನ್ನುತ್ತಾರೆ. ಅತ್ತೆಯ ಕೊಡಪಾನದ ಮಾತೇ ಅದು. ಮೂತ್ರದ ದಾರಿಯೂ ಒಳಗೆ ಮುಚ್ಚಿದ ಹೊಂಡ.

ಕಣ್ಣಿನದ್ದು ಮಾತ್ರ ನನಗೆ ಹೊಸ ವಿಷಯವಾಗಿತ್ತು. ರೆಪ್ಪೆಯ ಮೂಗಿನ ಕಡೆಯ ಮೂಲೆಯಲ್ಲಿ, ಮೇಲೊಂದು ಕೆಳಗೊಂದು, ಸೂಜಿ ಮೊನೆಯಷ್ಟು ತೂತುಗಳಿವೆ. ಕಣ್ಣೀರು ಅಲ್ಲಿಂದ ಇಳಿದು ಮೂಗಿಗೆ ಹೋಗುತ್ತದೆ. ಅಳುವಾಗ ಮೂಗು ಸೋರುವುದು, ಕಣ್ಣಿಗೆ ಹಾಕಿದ ಮದ್ದು ಗಂಟಲಲ್ಲಿ ಕಹಿಯಾಗುವುದು ಇದೇ ಕಾರಣಕ್ಕೆ. ಎರಡು ಕಣ್ಣಿಗೆ ನಾಲ್ಕು. ಬಾಯಿ ಒಂದು, ಹೊಳ್ಳೆ ಎರಡು, ಗುದ ಒಂದು. ಒಟ್ಟು ಎಂಟು. ಒಂದು ಕಳೆದರೆ ಏಳು. ಕಿವಿ ಚುಚ್ಚಿಸಿಕೊಂಡರೆ ಎರಡು ಜಾಸ್ತಿ, ಮೂಗುಬೊಟ್ಟು ಇಟ್ಟರೆ ಇನ್ನೊಂದು.

ಇಷ್ಟು ಹೊತ್ತು ಇರುವೆ, ಬೆರಳು ಎಂದು ಮಾತಾಡಿದ್ದಾಯಿತು. ಪುಸ್ತಕದಲ್ಲಿ ಜೀನಸ್ಸಿಗೆ ಕೊಡುವ ವ್ಯಾಖ್ಯೆ ಬೇರೆ ರೀತಿ ಇದೆ. ಒಂದು ಫುಟ್‌ಬಾಲಿನ ಮೈ ಮೇಲೆ ಎಲ್ಲಾದರೂ ಒಂದು ಉಂಗುರ ಎಳೆಯಿರಿ. ಆ ಗೆರೆಗುಂಟ ಕತ್ತರಿಸಿದರೆ ಚರ್ಮ ಎರಡು ತುಂಡಾಗಲೇಬೇಕು. ಈಗ ಸೈಕಲ್ಲಿನ ಟ್ಯೂಬು ತೆಗೆದುಕೊಳ್ಳಿ. ಅದಕ್ಕೆ ಅಡ್ಡಲಾಗಿ ಒಂದು ಸುತ್ತು ಕತ್ತರಿಸಿದರೆ ಏನಾಗುತ್ತದೆ? ಟ್ಯೂಬು ಬಿಚ್ಚಿಕೊಂಡು ನೆಟ್ಟಗಿನ ಕೊಳವೆ ಆಗುತ್ತದೆ, ಆದರೆ ತುಂಡು ಒಂದೇ. ಮೊದಲ ಗೆರೆಗೆ ತಾಗದ ಇನ್ನೊಂದು ಉಂಗುರ ಕತ್ತರಿಸಿದರೆ ಮಾತ್ರ ಎರಡು ತುಂಡು. ಹೀಗೆ, ಒಂದಕ್ಕೊಂದು ತಾಗದ ಎಷ್ಟು ಉಂಗುರಗಳನ್ನು ಕತ್ತರಿಸಿದರೂ ಮೈ ಒಂದೇ ತುಂಡಾಗಿ ಉಳಿಯುತ್ತದೋ, ಆ ಅತಿ ದೊಡ್ಡ ಸಂಖ್ಯೆಯೇ ಜೀನಸ್. ಫುಟ್‌ಬಾಲಿಗೆ ಸೊನ್ನೆ, ಟ್ಯೂಬಿಗೆ ಒಂದು. ಇಲ್ಲಿ ತೂತು ಎಂಬ ಪದವೇ ಬರಲಿಲ್ಲ, ಗಮನಿಸಿದಿರಾ? ತೂತು ಇರುವುದು ಖಾಲಿ ಜಾಗದಲ್ಲಿ. ಖಾಲಿಯನ್ನು ಹಿಡಿದು ಎಣಿಸುವುದು ಹೇಗೆ? ಅದಕ್ಕೇ ಗಣಿತದವರು ಖಾಲಿಯನ್ನು ಬಿಟ್ಟು ಸುತ್ತಲಿನ ಮೈಯನ್ನು ಪರೀಕ್ಷೆ ಮಾಡುತ್ತಾರೆ.

ಹೀಗೆ ಮೈಯನ್ನು ಕತ್ತರಿಸಿ ನೋಡುವ ಯೋಚನೆಗೆ ಬಲ ಬಂದದ್ದು ಬರ್ನ್‌ಹಾರ್ಡ್ ರೀಮಾನ್ ಅವರ 1857ರ ಬರಹದಿಂದ. 1860ರ ದಶಕದಲ್ಲಿ ಆಲ್‌ಫ್ರೆಡ್ ಕ್ಲೆಬ್ಷ್ ಅದಕ್ಕೆ ಜರ್ಮನ್ ಭಾಷೆಯಲ್ಲಿ ಕುಲ ಎಂಬ ಅರ್ಥದ ಹೆಸರು ಕೊಟ್ಟರು. ಅದೇ ಲ್ಯಾಟಿನ್‌ಗೆ ಹೋಗಿ ಜೀನಸ್ ಆಯಿತು. ಜೀವಶಾಸ್ತ್ರದವರೂ ಇದೇ ಪದ ಬಳಸುತ್ತಾರೆ. ನಮ್ಮ ತೋಟದ ಅಡಕೆಯ ಶಾಸ್ತ್ರೀಯ ಹೆಸರು ಅರೇಕಾ ಕಟೇಚು, ಅದರಲ್ಲಿ ಅರೇಕಾ ಎಂಬುದು ಜೀನಸ್. ಟೋಪಾಲಜಿಯ ಜೀನಸ್ ಒಂದು ಸಂಖ್ಯೆ, ಸಸ್ಯದ ಜೀನಸ್ ಒಂದು ಹೆಸರು. ಎರಡಕ್ಕೂ ನೆಂಟಸ್ತಿಕೆ ಆ ಪದದಷ್ಟೇ. ಆದರೂ ಕುಲ ಎಂಬ ಮಾತು ಇಲ್ಲಿ ಚೆನ್ನಾಗಿಯೇ ಹೊಂದುತ್ತದೆ. ಏಕೆಂದರೆ ಅಂಚಿಲ್ಲದ, ಒಳಗೆ ಹೊರಗೆ ಎಂಬ ಎರಡು ಬದಿ ಇರುವ, ಎಲ್ಲೂ ಕೊನೆಯಿಲ್ಲದೆ ಹರಡಿಕೊಳ್ಳದ ಯಾವ ಮೈಯನ್ನಾದರೂ ತನ್ನಿ, ಅದು ಯಾವ ಗುಂಪಿನದ್ದು ಎಂದು ಹೇಳಲು ಈ ಒಂದು ಸಂಖ್ಯೆ ಸಾಕು. ಇಷ್ಟು ಪೂರ್ತಿಯಾದ ಉತ್ತರ ಗಣಿತದಲ್ಲಿ ಅಪರೂಪ.

ಕತ್ತರಿಸದೇ ಎಣಿಸುವ ದಾರಿ ಕೂಡ ಇದೆ. 1750ರಲ್ಲಿ ಗಣಿತಜ್ಞ ಆಯ್ಲರ್ ತಮ್ಮ ಗೆಳೆಯ ಗೋಲ್ಡ್‌ಬಾಕ್‌ಗೆ ಬರೆದ ಪತ್ರದಲ್ಲಿ ಒಂದು ವಿಷಯ ತಿಳಿಸಿದರು. ಪೆಟ್ಟಿಗೆಯ ಮೂಲೆಗಳಿಂದ ಅಂಚುಗಳನ್ನು ಕಳೆದು ಮುಖಗಳನ್ನು ಕೂಡಿಸಿದರೆ 2 ಬರುತ್ತದೆ. 8 − 12 + 6 = 2. ಕಪ್ಪು ಬಿಳಿ ಚರ್ಮದ ಹಳೆಯ ಮಾದರಿಯ ಫುಟ್‌ಬಾಲಿಗೆ 60 − 90 + 32, ಅದೂ 2. ತೂತು ಇದ್ದರೆ ಈ 2 ಕೆಡುತ್ತದೆ ಎಂದು 1813ರಲ್ಲಿ ಸ್ವಿಟ್ಜರ್ಲೆಂಡಿನ ಲುಯಿಲಿಯೆ ತೋರಿಸಿದರು. ಪ್ರತಿ ತೂತಿಗೂ 2 ಕಡಿಮೆಯಾಗುತ್ತದೆ. ಒಂದು ತೂತಿಗೆ ಉತ್ತರ 0, ಎರಡಕ್ಕೆ −2.

ಕಿಟಕಿಯ ದಾರಂದ ತೆಗೆದುಕೊಂಡು ಇದನ್ನು ಪರೀಕ್ಷೆ ಮಾಡಬಹುದು. ನಾಲ್ಕು ಮರದ ತುಂಡು, ನಡುವೆ ಒಂದು ಚೌಕ ತೂತು. ಮೂಲೆಗಳು 16. ಮುಖಗಳು? ಸುಮ್ನೆ ನೋಡಿದರೆ ಮುಂದೊಂದು, ಹಿಂದೊಂದು, ಹೊರಬದಿ ನಾಲ್ಕು, ಒಳಬದಿ ನಾಲ್ಕು, ಒಟ್ಟು 10. ಅಂಚು 24. ಲೆಕ್ಕ ಹಾಕಿ: 16 − 24 + 10 = 2. ಅಯ್ಯೋ, ತೂತೇ ಇಲ್ಲ ಅನ್ನುತ್ತಿದೆಯಲ್ಲ! ನನ್ನ ಬಳಿ ಕಲಿಯುವ ಮಕ್ಕಳು ಇಲ್ಲಿ ಪ್ರತಿ ಸಲ ಬೀಳುತ್ತಾರೆ, ನಾನೂ ಬಿದ್ದವನೇ. ತಪ್ಪು ಇರುವುದು ಮುಂದಿನ ಮುಖದಲ್ಲಿ. ಆ ಮುಖದಲ್ಲೇ ತೂತಿದೆ. ಆಯ್ಲರ್ ಲೆಕ್ಕಕ್ಕೆ ಪ್ರತಿ ಮುಖವೂ ತೂತಿಲ್ಲದ ಹಪ್ಪಳದಂತೆ ಇರಬೇಕು. ಆಚಾರಿ ಮೂಲೆಯಲ್ಲಿ ಓರೆಯಾಗಿ ಕೂಡಿಸುತ್ತಾನಲ್ಲ, ಆ ಗೆರೆಗಳನ್ನೂ ಅಂಚು ಎಂದು ಎಣಿಸಿ. ಮುಂದೆ ನಾಲ್ಕು, ಹಿಂದೆ ನಾಲ್ಕು. ಆಗ ಅಂಚು 32, ಮುಖ 16. 16 − 32 + 16 = 0. ಜೀನಸ್ ಒಂದು.

ಈ ಲೆಕ್ಕದ ಉಪಯೋಗ ಒಂದು ಹಳೆಯ ಒಗಟಿನಲ್ಲಿ ಚೆನ್ನಾಗಿ ಕಾಣುತ್ತದೆ. ಅದನ್ನು ನಮ್ಮೂರಿಗೆ ತಂದು ಹೇಳುತ್ತೇನೆ. ಮೂರು ಮನೆ. ಮೂರು ನೀರಿನ ಜಾಗ: ಸುರಂಗ, ಬಾವಿ, ಮದಕ. ಪ್ರತಿ ಮನೆಗೂ ಮೂರೂ ಕಡೆಯಿಂದ ಪೈಪು ಬೇಕು. ಒಂದರ ಮೇಲೊಂದು ಪೈಪು ಹಾಯಬಾರದು. ಆಗುತ್ತದೋ? ಎಂಟು ಪೈಪು ಆರಾಮವಾಗಿ ಎಳೆಯಬಹುದು, ಒಂಬತ್ತನೆಯದು ಎಲ್ಲಾದರೂ ಸಿಕ್ಕಿಕೊಳ್ಳುತ್ತದೆ. ಜಾಣತನದ ಕೊರತೆಯಲ್ಲ ಇದು. ಜಾಗ 6, ಪೈಪು 9. ಆಯ್ಲರ್ ಪ್ರಕಾರ 6 − 9 + ಮುಖ = 2, ಅಂದರೆ ಪೈಪುಗಳು ನೆಲವನ್ನು 5 ತುಂಡು ಮಾಡಬೇಕು. ಮನೆಯಿಂದ ನೀರಿಗೆ, ನೀರಿನಿಂದ ಮನೆಗೆ ಎಂದೇ ಸುತ್ತಬೇಕಾದ್ದರಿಂದ ಪ್ರತಿ ತುಂಡಿನ ಸುತ್ತ ಕಡಿಮೆ ಅಂದರೂ 4 ಪೈಪು ಬೇಕು. 5 ನಾಲ್ಕಲಿ 20. ಒಂದು ಪೈಪು ಎರಡು ಬದಿಗೆ ಲೆಕ್ಕ, ಹಾಗಾಗಿ ನಮ್ಮಲ್ಲಿ ಇರುವುದು 9 ಎರಡಲಿ 18. ಸಾಲುವುದಿಲ್ಲ.

ತೋಡಿಗೆ ಹಾಕುವ ಹಾಗೆ ಒಂದು ಸಂಕ, ಅಂದರೆ ಸಣ್ಣ ಸೇತುವೆ, ಹಾಕಿ, ಒಂಬತ್ತನೆಯ ಪೈಪನ್ನು ಅದರ ಮೇಲೆ ಒಯ್ದರೆ ಕೆಲಸ ಮುಗಿಯಿತು. ಸಂಕದ ಅಡಿಯಲ್ಲಿ ದಾರಿ ಇದೆ, ಅಂದರೆ ನೆಲಕ್ಕೆ ಒಂದು ಹಿಡಿ ಬಂತು. ಕಾಫಿ ಕಪ್ಪಿಗೆ ಇರುವ ಹಾಗೆ. ಜೀನಸ್ ಒಂದಾಯಿತು. ಗೆರೆಗಳ ಯಾವುದೇ ಜಾಲಕ್ಕೆ ಕಡಿಮೆ ಅಂದರೆ ಎಷ್ಟು ಸಂಕ ಬೇಕು ಎಂಬುದನ್ನು ಆ ಜಾಲದ ಜೀನಸ್ ಎನ್ನುತ್ತಾರೆ.

ಈ ಪದ ಇನ್ನೂ ದೂರ ಹೋಗಿದೆ. ಸಮೀಕರಣಗಳಿಗೂ ಮೈ ಇದೆ. ಎಕ್ಸ್ ವರ್ಗ ಕೂಡಿಸು ವೈ ವರ್ಗ ಸಮ 1 ಎಂಬುದಕ್ಕೆ 3/5, 4/5 ರಂಥ ಭಿನ್ನರಾಶಿ ಉತ್ತರಗಳು ಲೆಕ್ಕವಿಲ್ಲದಷ್ಟು. ಅದರ ಜೀನಸ್ ಸೊನ್ನೆ. ವರ್ಗದ ಬದಲು ನಾಲ್ಕನೇ ಘಾತ ಹಾಕಿದರೆ ಜೀನಸ್ ಮೂರಕ್ಕೆ ಏರುತ್ತದೆ. ಜೀನಸ್ ಎರಡು ಅಥವಾ ಹೆಚ್ಚು ಇದ್ದರೆ ಭಿನ್ನರಾಶಿ ಉತ್ತರಗಳು ಎಣಿಸಿ ಮುಗಿಯುವಷ್ಟೇ ಎಂದು 1922ರಲ್ಲಿ ಮೋರ್ಡೆಲ್ ಊಹಿಸಿದ್ದರು. 1983ರಲ್ಲಿ ಜರ್ಮನಿಯ ಫಾಲ್ಟಿಂಗ್ಸ್ ಅದನ್ನು ಸಾಧಿಸಿದರು. ತೂತುಗಳ ಸಂಖ್ಯೆ ಉತ್ತರಗಳ ಸಂಖ್ಯೆಗೆ ಬೇಲಿ ಹಾಕುತ್ತದೆ ಎಂಬುದು ನನಗೆ ಈಗಲೂ ಬೆರಗಿನ ವಿಷಯ. ನಡುವಿನ ಜೀನಸ್ ಒಂದರ ವಕ್ರರೇಖೆಗಳು ಇಂಟರ್ನೆಟ್ಟಿನಲ್ಲಿ ಗುಟ್ಟು ಕಾಯುವ ಕೆಲಸಕ್ಕೆ ಬಿದ್ದಿವೆ.

2016ರ ಭೌತಶಾಸ್ತ್ರದ ನೊಬೆಲ್ ಪ್ರಕಟಿಸುವ ದಿನ ಸಮಿತಿಯ ಥೋರ್ಸ್ ಹಾನ್ಸ್ ಹಾನ್ಸನ್ ಎಂಬವರು ಚೀಲದಿಂದ ತಮ್ಮ ಮಧ್ಯಾಹ್ನದ ತಿಂಡಿ ತೆಗೆದು ತೋರಿಸಿದರು. ತೂತಿಲ್ಲದ ಬನ್ನು, ಒಂದು ತೂತಿನ ಬೇಗಲ್, ಎರಡು ತೂತಿನ ಪ್ರೆಟ್ಜೆಲ್. ನಮ್ಮಲ್ಲಾದರೆ ಬನ್ಸು, ವಡೆ ತರುತ್ತಿದ್ದರು. ಥೌಲೆಸ್, ಹಾಲ್ಡೇನ್, ಕೋಸ್ಟರ್‌ಲಿಟ್ಜ್ ಮೂವರ ಕೆಲಸ ವಿವರಿಸಲು ಅವರಿಗೆ ಇದು ಬೇಕಾಯಿತು. ತುಂಬಾ ತೆಳುವಾದ ಕೆಲವು ಪದಾರ್ಥಗಳಲ್ಲಿ ವಿದ್ಯುತ್ತನ್ನು ಹರಿಯಬಿಡುವ ಗುಣ ಮೆಟ್ಟಿಲು ಮೆಟ್ಟಿಲಾಗಿ ಮಾತ್ರ ಏರುತ್ತದೆ. ಒಂದೂವರೆ ಮೆಟ್ಟಿಲು ಇಲ್ಲ, ಒಂದೂವರೆ ತೂತು ಇಲ್ಲದ ಹಾಗೆ. ಅಲ್ಲಿನ ಸಂಖ್ಯೆ ನೇರವಾಗಿ ತೂತಿನ ಎಣಿಕೆ ಅಲ್ಲ, ಜೀನಸ್ಸಿನ ದಾಯಾದಿ ಅನ್ನಬಹುದು. ಪತ್ರಿಕೆಗಳು ಆ ದಿನ ಬನ್ನಿನ ಫೋಟೋ ಹಾಕಿ ಈ ವ್ಯತ್ಯಾಸವನ್ನು ನುಂಗಿಬಿಟ್ಟವು.

ಕಳೆದ ಮಳೆಗಾಲದಲ್ಲಿ ಮಾವ ಫೋನು ಮಾಡಿದರು. ಸುರಂಗದ ಮಾಡು ನಡುವೆ ಒಂದು ಕಡೆ ಕುಸಿದು, ಮೇಲಿನ ಗೇರು ಗುಡ್ಡೆಯಿಂದ ಒಳಕ್ಕೆ ಬೆಳಕು ಬೀಳುತ್ತಿದೆಯಂತೆ. ಯಾರಿಗೂ ಏನೂ ಆಗಿಲ್ಲ, ನೀರೂ ಬರುತ್ತಿದೆ, ಸ್ವಲ್ಪ ಕೆಂಪಾಗಿ.

"ಈಗ ಒಟ್ಟೆ ಅನ್ನಬಹುದಾ?" ಎಂದು ಕೇಳಿದರು.

"ಅನ್ನಬಹುದು ಮಾವ. ಒಂದು."

"ದನ ಬೀಳದ ಹಾಗೆ ಮೇಲೆ ಹಾಸುಗಲ್ಲು ಹಾಕಿ ಸಿಮೆಂಟು ಮೆತ್ತಿಸುವ ಅಂತ ಇದ್ದೇನೆ."

"ಹಾಗಾದರೆ ಪುನಃ ಸೊನ್ನೆ."

"ಅದು ಎಷ್ಟಾದರೂ ಆಗಲಿ," ಎಂದರು ಮಾವ, "ಕಲ್ಲು ಹೊರಲು ಜನ ಸಾಲದು, ಆದಿತ್ಯವಾರ ಬಾ."